ಸೌತ್ ಯಾರ್ಕ್‌ಷರ್‌ನ ಚುನಾಯಿತ ಪೊಲೀಸ್ ಆಯುಕ್ತರು: ಒಂದು ಸೇವೆಯ ವಿಮರ್ಶೆ

ಇಂಗ್ಲೆಂಡಿನ ಸೌತ್ ಯಾರ್ಕ್‌ಷರ್ ಪ್ರದೇಶದ ಶೆಫೀಲ್ಡ್, ರಾದರಂ, ಡಾನ್‌ಕಾಸ್ಟರ್ ಮತ್ತು ಬಾರ್ನ್ಸ್‌ಲಿಯ ಮನೆಗಳಿಗೆ ವರ್ಷಕ್ಕೊಮ್ಮೆ ಬರುವ ಕೌನ್ಸಿಲ್ ತೆರಿಗೆಯ ಬಿಲ್ಲಿನಲ್ಲಿ ಸ್ಥಳೀಯ ಕೌನ್ಸಿಲ್ಲಿನ ಬಾಬ್ತು, ಅಗ್ನಿಶಾಮಕ ದಳದ ಬಾಬ್ತುಗಳ ಜೊತೆಗೆ ಪೊಲೀಸ್ ಬಾಬ್ತಿಗೆಂದೇ ಪ್ರತ್ಯೇಕವಾದ ಸಾಲೊಂದು ಇರುತ್ತದೆ. 2012ರ ನವೆಂಬರಿನಿಂದ 2024ರ ಮೇ ತಿಂಗಳವರೆಗೆ ಆ ಸಾಲಿನ ಮೊತ್ತವನ್ನು ಗೊತ್ತುಮಾಡುವ ಹೊಣೆ ಜನರೇ ಮತ ಹಾಕಿ ಆರಿಸಿದ ಪೊಲೀಸ್ ಮತ್ತು ಅಪರಾಧ ಆಯುಕ್ತರದಾಗಿತ್ತು. ದುಡ್ಡು ಕೊಟ್ಟು ಪಡೆದ ಸೇವೆ ಇದು. ಆದ್ದರಿಂದ ಬೇರೆ ಯಾವ ಸೇವೆಯನ್ನಾದರೂ ಪರಿಶೀಲಿಸುವ ಹಾಗೆ ಇದನ್ನೂ ಪರಿಶೀಲಿಸಬಹುದು.

ಬೆಂಗಳೂರಿನ ಪೊಲೀಸ್ ಕಮಿಷನರ್ ಸಮವಸ್ತ್ರ ತೊಟ್ಟ ಐಪಿಎಸ್ ಅಧಿಕಾರಿ. 2011ರ ಕಾಯ್ದೆಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹುಟ್ಟಿಕೊಂಡ ಈ ಆಯುಕ್ತರಾದರೋ ಅಪ್ಪಟ ರಾಜಕಾರಣಿ. ಪಡೆಯ ಆಯವ್ಯಯವನ್ನು ನಿರ್ಧರಿಸುವುದು, ಆದ್ಯತೆಗಳ ಯೋಜನೆಯನ್ನು ಬರೆಯುವುದು, ಪಡೆಯ ಅತ್ಯುನ್ನತ ಅಧಿಕಾರಿಯಾದ ಚೀಫ್ ಕಾನ್‌ಸ್ಟೆಬಲ್‌ರನ್ನು ನೇಮಿಸುವುದು ಮತ್ತು ಅಗತ್ಯಬಿದ್ದರೆ ತೆಗೆಯುವುದು ಇವರ ಕೆಲಸ. ಯಾರನ್ನು ಬಂಧಿಸಬೇಕು, ಯಾವ ಪ್ರಕರಣವನ್ನು ತನಿಖೆ ಮಾಡಬೇಕು ಎಂದು ಹೇಳುವ ಅಧಿಕಾರ ಇವರಿಗಿಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟನ್ನು ಉಳಿಸಿಕೊಂಡಿದ್ದರೂ ಕಾಮನ್‌ವೆಲ್ತ್ ಪೌರರೆಂಬ ಕಾರಣಕ್ಕೆ ಈ ಚುನಾವಣೆಯಲ್ಲಿ ಮತ ಹಾಕಬಹುದಿತ್ತು, ಎಷ್ಟೋ ಜನರಿಗೆ ಅದು ತಿಳಿದೇ ಇರಲಿಲ್ಲ.

ತಿಳಿಯದಿರುವುದಕ್ಕೆ ಅವರನ್ನೇ ದೂರುವಂತಿಲ್ಲ. ಮೊದಲ ಚುನಾವಣೆಯನ್ನು 2012ರ ನವೆಂಬರ್ 15ರಂದು, ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವ ಚಳಿಗಾಲದಲ್ಲಿ ನಡೆಸಲಾಯಿತು. ಅಭ್ಯರ್ಥಿಗಳ ಪರಿಚಯಪತ್ರವನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸುವ ಖರ್ಚನ್ನು ವಹಿಸಿಕೊಳ್ಳಲು ಸರ್ಕಾರ ಒಪ್ಪದೆ, ಬೇಕಾದವರು ಜಾಲತಾಣದಲ್ಲಿ ನೋಡಿಕೊಳ್ಳಲಿ ಎಂದು ಬಿಟ್ಟಿತು. ಒಟ್ಟು ಮತದಾನ ಸುಮಾರು ಶೇ 15ರಷ್ಟಾಯಿತು; ವೇಲ್ಸ್‌ನ ನ್ಯೂಪೋರ್ಟ್‌ನ ಒಂದು ಮತಗಟ್ಟೆಗೆ ದಿನವಿಡೀ ಒಬ್ಬರೂ ಬರಲಿಲ್ಲ.

ಸೌತ್ ಯಾರ್ಕ್‌ಷರ್‌ನಲ್ಲಿ ಹೀಗೆ ಗೆದ್ದು ಬಂದವರು ಲೇಬರ್ ಪಕ್ಷದ ಶಾನ್ ರೈಟ್. 2000ದಲ್ಲಿ ರಾದರಂನ ಕೌನ್ಸಿಲರ್ ಆದರು, 2005ರಿಂದ 2010ರವರೆಗೆ ಅದೇ ಕೌನ್ಸಿಲ್ಲಿನಲ್ಲಿ ಮಕ್ಕಳ ಸೇವೆಗಳ ಹೊಣೆ ಹೊತ್ತ ಕ್ಯಾಬಿನೆಟ್ ಸದಸ್ಯರಾಗಿದ್ದರು, ಆಯುಕ್ತರಿಗೆ ಮುಂಚೆ ಪಡೆಯ ಮೇಲ್ವಿಚಾರಣೆ ಮಾಡುತ್ತಿದ್ದ ಹಳೆಯ ಪೊಲೀಸ್ ಪ್ರಾಧಿಕಾರದಲ್ಲೂ ಕೂತಿದ್ದರು. ಮುಂದೆ ವರ್ಷಕ್ಕೆ 85,000 ಪೌಂಡ್ ಸಂಬಳದ ಆಯುಕ್ತರಾದರು. ಸ್ಥಳೀಯ ರಾಜಕಾರಣಿಯೊಬ್ಬರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಈ ಕ್ರಮದಲ್ಲಿ ಹೊರನೋಟಕ್ಕೆ ಯಾವ ವಿಶೇಷವೂ ಇರಲಿಲ್ಲ.

2014ರ ಆಗಸ್ಟ್ 26ರಂದು ಪ್ರೊಫೆಸರ್ ಅಲೆಕ್ಸಿಸ್ ಜೇ ಅವರ ವರದಿ ಪ್ರಕಟವಾಯಿತು. 1997ರಿಂದ 2013ರವರೆಗೆ ರಾದರಂನಲ್ಲಿ, ಕಡಿಮೆ ಅಂದಾಜಿನಲ್ಲೇ, 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾಗಿದ್ದರು. ಎಚ್ಚರಿಕೆಯ ವರದಿಗಳು ಮೊದಲೇ ಕೈಸೇರಿದ್ದರೂ ಕೌನ್ಸಿಲ್ ಮತ್ತು ಪೊಲೀಸರು ಅವನ್ನು ಬದಿಗಿಟ್ಟಿದ್ದರು. ಆ ಅವಧಿಯ ಐದು ವರ್ಷ ಮಕ್ಕಳ ಸೇವೆಗಳ ರಾಜಕೀಯ ಹೊಣೆ ಹೊತ್ತಿದ್ದವರೇ ಈಗ ಪೊಲೀಸರಿಂದ ಲೆಕ್ಕ ಕೇಳುವ ಕುರ್ಚಿಯಲ್ಲಿದ್ದರು. ಸಮಸ್ಯೆ ಇಷ್ಟು ದೊಡ್ಡದೆಂದು ತಮಗೆ ತಿಳಿದಿರಲಿಲ್ಲ, ತಮ್ಮ ಪಾಲಿನ ಹೊಣೆಯನ್ನು ಒಪ್ಪಿಕೊಂಡೇ 2010ರಲ್ಲಿ ಆ ಸ್ಥಾನ ಬಿಟ್ಟಿದ್ದೆ ಎಂಬುದು ರೈಟ್ ಅವರ ವಾದವಾಗಿತ್ತು.

ಸೇವೆಯ ನಿಜವಾದ ಪರೀಕ್ಷೆ ನಡೆದದ್ದು ಆಮೇಲಿನ ಮೂರು ವಾರಗಳಲ್ಲಿ. ರೈಟ್ ಹುದ್ದೆ ಬಿಡಬೇಕೆಂದು ಗೃಹ ಸಚಿವೆ ಥೆರೆಸಾ ಮೇ ಹೇಳಿದರು, ಸ್ವಂತ ಪಕ್ಷವೂ ಹೇಳಿತು. ರೈಟ್ ಪಕ್ಷವನ್ನು ಬಿಟ್ಟರೇ ಹೊರತು ಹುದ್ದೆಯನ್ನು ಬಿಡಲಿಲ್ಲ. ಅವರ ಉಪ ಆಯುಕ್ತರು ರಾಜೀನಾಮೆ ಕೊಟ್ಟರು. ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿ ರೈಟ್ ಅವರನ್ನು ಕರೆಸಿ ಪ್ರಶ್ನಿಸಿತು. ಸ್ಥಳೀಯ ಕೌನ್ಸಿಲರ್‌ಗಳಿಂದ ಕೂಡಿದ ಪೊಲೀಸ್ ಮತ್ತು ಅಪರಾಧ ಸಮಿತಿ ಅವಿಶ್ವಾಸವನ್ನೂ ಸೂಚಿಸಿತು. ಆದರೆ ಕಾಯ್ದೆಯಲ್ಲಿ ಆ ಅವಿಶ್ವಾಸಕ್ಕೆ ಯಾವ ಬೆಲೆಯೂ ಇರಲಿಲ್ಲ. ಎರಡು ವರ್ಷಕ್ಕಿಂತ ಹೆಚ್ಚಿನ ಜೈಲುಶಿಕ್ಷೆಗೆ ಗುರಿಯಾಗಬಹುದಾದ ಅಪರಾಧದ ಆರೋಪ ದಾಖಲಾಗದ ಹೊರತು ಆಯುಕ್ತರನ್ನು ಅಮಾನತು ಮಾಡಲು ಸಮಿತಿಗೆ ಸಾಧ್ಯವಿಲ್ಲ, ವಜಾ ಮಾಡಲು ಸಚಿವರಿಗೂ ಅಧಿಕಾರವಿಲ್ಲ. ರಾದರಂನಲ್ಲಿ ನೊಂದವರ ಮನೆಯವರು ಸಭೆಗೆ ಬಂದು ಎದುರೆದುರೇ ರಾಜೀನಾಮೆ ಕೇಳಬಹುದಿತ್ತು, ಕೇಳಿದರು ಕೂಡ. ಅದಕ್ಕಿಂತ ಮುಂದೆ ಹೋಗುವ ದಾರಿ ಗ್ರಾಹಕರಿಗಿರಲಿಲ್ಲ. ಕೊನೆಗೆ ಸೆಪ್ಟೆಂಬರ್ 16ರಂದು ರೈಟ್ ತಾವಾಗಿಯೇ ಕೆಳಗಿಳಿದರು. ತಾವಾಗಿ ಇಳಿಯದಿದ್ದರೆ 2016ರವರೆಗೂ ಅಲ್ಲೇ ಇರಬಹುದಿತ್ತು ಎಂಬ ಒಂದೇ ಕಾರಣಕ್ಕೆ ನಾನು ಈ ಸೇವೆಯ ಅರ್ಧ ಅಂಕಗಳನ್ನು ಕಳೆಯುತ್ತೇನೆ.

ಅಕ್ಟೋಬರ್ 30ರ ಉಪಚುನಾವಣೆಯಲ್ಲೂ ಮತದಾನ ಶೇ 15ನ್ನು ಮುಟ್ಟಲಿಲ್ಲ. ಇಷ್ಟು ದೊಡ್ಡ ಹಗರಣದ ನಂತರವೂ ಜನ ಮತಗಟ್ಟೆಗೆ ಬರಲಿಲ್ಲವೆಂದರೆ ಅದನ್ನು ಉದಾಸೀನವೆಂದು ತಳ್ಳಿಹಾಕುವುದು ಸರಿಯಲ್ಲ. ಈ ಮತದಿಂದ ಏನಾದರೂ ಆದೀತೆಂಬ ಭರವಸೆಯೇ ಅವರಿಗೆ ಉಳಿದಿರಲಿಲ್ಲವೆಂದು ನನಗನ್ನಿಸುತ್ತದೆ. ಗೆದ್ದವರು ಅಲನ್ ಬಿಲ್ಲಿಂಗ್ಸ್: ಆಂಗ್ಲಿಕನ್ ಪಾದ್ರಿ, 1980ರ ದಶಕದಲ್ಲಿ ಡೇವಿಡ್ ಬ್ಲಂಕೆಟ್ ನಾಯಕರಾಗಿದ್ದಾಗ ಶೆಫೀಲ್ಡ್ ಕೌನ್ಸಿಲ್ಲಿನ ಉಪನಾಯಕರು. ಎಪ್ಪತ್ತು ದಾಟಿದ ಮೇಲೆ ಬಂದ ಹುದ್ದೆಯಾದ್ದರಿಂದಲೋ ಏನೋ, ಮುಂದಿನ ಮೆಟ್ಟಿಲಿನ ಮೇಲೆ ಕಣ್ಣಿಟ್ಟವರ ಅವಸರ ಅವರಲ್ಲಿ ಕಾಣಲಿಲ್ಲ. ಮಕ್ಕಳ ಶೋಷಣೆಯ ಪ್ರಕರಣಗಳಲ್ಲಿ ಪಡೆ ಹೇಗೆ ನಡೆದುಕೊಂಡಿತ್ತೆಂದು ಪರಿಶೀಲಿಸಲು ಪ್ರೊಫೆಸರ್ ಜಾನ್ ಡ್ರೂ ಅವರನ್ನು ನೇಮಿಸಿದರು; 2016ರ ಮಾರ್ಚಿನಲ್ಲಿ ಆ ವರದಿ ಸಾರ್ವಜನಿಕರ ಕೈಗೆ ಬಂತು. ಪೊಲೀಸರ ನಡತೆಯ ಮೇಲೆ ಕಣ್ಣಿಡಲು ಸ್ವತಂತ್ರ ನೈತಿಕ ಸಮಿತಿಯೊಂದನ್ನೂ ಕಟ್ಟಿದರು.

ಹಾಗೆಂದು ಅವರ ಅವಧಿ ದೋಷರಹಿತವಾಗಿತ್ತೆಂದಲ್ಲ. 1989ರಲ್ಲಿ ಇದೇ ಪಡೆಯ ಬಂದೋಬಸ್ತಿನಲ್ಲಿದ್ದ ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದಲ್ಲಿ ಸತ್ತ 96 ಜನರದು ಕಾನೂನುಬಾಹಿರ ಹತ್ಯೆಯೆಂದು ತೀರ್ಪುಗಾರರ ಮಂಡಳಿ 2016ರ ಏಪ್ರಿಲ್ 26ರಂದು ಹೇಳಿದ ಮರುದಿನವೇ ಬಿಲ್ಲಿಂಗ್ಸ್ ಅವರು ಚೀಫ್ ಕಾನ್‌ಸ್ಟೆಬಲ್ ಡೇವಿಡ್ ಕ್ರಾಂಪ್ಟನ್‌ರನ್ನು ಅಮಾನತುಗೊಳಿಸಿದರು, ಅದೇ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೇಳಿದರು. ಪೊಲೀಸ್ ತಪಾಸಣೆಯ ಮುಖ್ಯಸ್ಥರಾಗಿದ್ದ ಟಾಮ್ ವಿನ್ಸರ್ ಅವರ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. 2017ರ ಜೂನಿನಲ್ಲಿ ಹೈಕೋರ್ಟ್ ಆ ಕ್ರಮಗಳನ್ನು ಕಾನೂನುಬಾಹಿರವೆಂದು ಸಾರಿತು. ಸಾರ್ವಜನಿಕ ಆಕ್ರೋಶಕ್ಕೆ ಕೂಡಲೇ ಸ್ಪಂದಿಸುವುದು ಚುನಾಯಿತ ಆಯುಕ್ತರಿಂದ ಜನ ಬಯಸುವ ಗುಣ. ಅದೇ ಗುಣ ಕೋರ್ಟಿನಲ್ಲಿ ದೋಷವಾಗಿ ನಿಂತಿತು, ಮೊಕದ್ದಮೆಯ ಖರ್ಚಂತೂ ಸಾರ್ವಜನಿಕರ ಹಣದಿಂದಲೇ ಹೋಗಬೇಕಾಯಿತು.

ಒಂದು ಉಪಯುಕ್ತ ಸುಧಾರಣೆಯನ್ನು ಇಲ್ಲಿ ಹೇಳಲೇಬೇಕು. 2020ರ ಫೆಬ್ರವರಿಯಿಂದ, ಪೊಲೀಸರ ಮೇಲಿನ ದೂರನ್ನು ಪಡೆಯೇ ವಿಲೇವಾರಿ ಮಾಡಿದ ಬಗೆ ಸರಿಕಾಣದಿದ್ದರೆ, ಗಂಭೀರ ಪ್ರಕರಣಗಳನ್ನು ಬಿಟ್ಟು ಉಳಿದವುಗಳಿಗೆ ಆಯುಕ್ತರ ಕಚೇರಿಯಲ್ಲಿ ಮರುಪರಿಶೀಲನೆ ಕೇಳಬಹುದಾಯಿತು. ಸಾಮಾನ್ಯ ನಾಗರಿಕರಿಗೆ ಈ ಹುದ್ದೆ ನೇರವಾಗಿ ದಕ್ಕುವುದು ಇಲ್ಲೇ; ಭಾಷಣ, ಯೋಜನಾಪತ್ರಗಳಿಗಿಂತ ಇದರ ತೂಕ ಹೆಚ್ಚು.

ಐದಕ್ಕೆ ಎರಡು ಅಂಕ ಕೊಡುತ್ತೇನೆ, ಆ ಎರಡರಲ್ಲಿ ಬಹುಪಾಲು ಬಿಲ್ಲಿಂಗ್ಸ್ ಅವರ ಸ್ವಭಾವಕ್ಕೆ ಸಲ್ಲಬೇಕಾದದ್ದು. 2024ರ ಮೇ ತಿಂಗಳಲ್ಲಿ ಈ ಅಧಿಕಾರಗಳೆಲ್ಲ ಸೌತ್ ಯಾರ್ಕ್‌ಷರ್‌ನ ಮೇಯರ್ ಆಲಿವರ್ ಕಾಪರ್ಡ್ ಅವರಿಗೆ ಹೋದವು, ಉಳಿದ ಕಡೆಗಳಲ್ಲೂ 2028ರ ಮೇ ತಿಂಗಳಿಗೆ ಈ ಹುದ್ದೆಯನ್ನು ರದ್ದುಮಾಡುವುದಾಗಿ ಬ್ರಿಟಿಷ್ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದೆ. ತಪ್ಪಿತಸ್ಥ ಸಂಸದರನ್ನು ಮತದಾರರು ಅವಧಿಗೆ ಮುನ್ನವೇ ಕೆಳಗಿಳಿಸಲು ಅವಕಾಶ ಕೊಡುವ 2015ರ ಕಾಯ್ದೆ ಮೇಯರ್‌ಗಳಿಗೂ ಅನ್ವಯಿಸುವುದಿಲ್ಲ. ಏಕೆ ಹೀಗೆ ಎಂಬುದೇ ರಾದರಂನ ನಿವಾಸಿಗಳು ತಮ್ಮ ಸಂಸದರನ್ನು ಕೇಳಬೇಕಾದ ಮೊದಲ ಪ್ರಶ್ನೆ.