ಸ್ವಂತ ಪೆಟ್ಟೋ, ಪಕ್ಕದ ಹೊಲದವರ ಅನುಭವವೋ?

ಕೋಲಾರದ ಕಡೆ ಮೊದಲ ಬಾರಿಗೆ ಟೊಮೆಟೊ ಬೆಳೆಯಲು ಹೊರಟವರಿಗೆ ದಾರಿ ಎರಡು: ತಾವೇ ಸೋತು ಕಲಿಯುವುದು, ಇಲ್ಲವೇ ಸೋತವರನ್ನು ಕೇಳಿ ಕಲಿಯುವುದು.

ಕೊಳವೆಬಾವಿಯ ವಿಷಯದಲ್ಲಿ ಎರಡನೆಯದೇ ಸರಿ. ಸಾವಿರ ಅಡಿ ದಾಟಿಯೂ ಬರೀ ದೂಳು ಹಾರಿದರೆ ಆ ಪಾಠದ ಸಾಲ ತೀರಿಸಲು ವರ್ಷಗಳು ಬೇಕು. ಸುತ್ತಲಿನ ಐದಾರು ಹೊಲದವರನ್ನು ಕೇಳಿ. ನೀರು ಬಂದ ಬಾವಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬತ್ತಿದ್ದರ ಲೆಕ್ಕವನ್ನು ಒತ್ತಾಯಿಸಿಯೇ ಕೇಳಬೇಕು.

ರೋಗದ ಮಾತು ಬೇರೆ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಾಗ ಬೆಳಿಗ್ಗೆ ಎಲೆ ಮಗುಚಿ ನೋಡಿ: ನೀರಿನಲ್ಲಿ ನೆನೆದಂಥ ಕಂದು ಮಚ್ಚೆ, ಅಂಚಿನಲ್ಲಿ ತೆಳುವಾದ ಬಿಳಿ ಬೂಷ್ಟು. ಅದು ಅಂಗಮಾರಿ. ಎಷ್ಟು ಕೇಳಿದ್ದರೂ ಸ್ವಂತ ಸಾಲಿನಲ್ಲಿ ಕಂಡ ಮೇಲೆಯೇ ಕಣ್ಣು ಪಳಗುವುದು.

ಬೆಲೆಯ ವಿಷಯದಲ್ಲಿ ಎರಡೂ ದಾರಿ ತಪ್ಪಿಸುತ್ತವೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಾಟಿಯಿಂದ ಕೊಯ್ಲಿಗೆ ಎರಡು ತಿಂಗಳಾದರೂ ಬೇಕು. ಆ ಬೆಲೆ ನೋಡಿ ನಾಟಿ ಮಾಡಿದವರ ಹಣ್ಣು ಬರುವಷ್ಟರಲ್ಲಿ ದರ ಕುಸಿದಿತ್ತು. ಲಾಭ ಬಂದ ಮಾತ್ರಕ್ಕೆ ತೀರ್ಮಾನ ಸರಿಯಿತ್ತು ಎನ್ನಲಾಗದು, ನಷ್ಟವಾದ ಮಾತ್ರಕ್ಕೆ ತಪ್ಪಿತ್ತು ಎನ್ನಲೂ ಆಗದು. ಇದನ್ನು ಒಪ್ಪಿಕೊಳ್ಳಲು ನನಗೇ ಬಹಳ ಕಾಲ ಹಿಡಿಯಿತು.

ಆದ್ದರಿಂದ ನಾಟಿಯ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಏಕೆ ಈಗ, ಎಷ್ಟು ಎಕರೆ, ಬಾಕ್ಸ್‌ಗೆ ಎಷ್ಟು ಸಿಕ್ಕರೆ ಖರ್ಚು ಹುಟ್ಟುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಪುಟ ತೆರೆಯಿರಿ. ಬರೆದಿಡದಿದ್ದರೆ, ಆಗ ಏನು ಯೋಚಿಸಿದ್ದಿರಿ ಎಂಬುದನ್ನು ನೆನಪು ಬದಲಿಸಿಬಿಡುತ್ತದೆ.