ಶಾಲೆ ಡಬ್ಬಿಗೆ ಯಾವುದು ಸರಿ: ಅಕ್ಕಿ ರೊಟ್ಟಿ, ಚಪಾತಿ, ಚಿತ್ರಾನ್ನ, ರಾಗಿ ದೋಸೆ?

ಡಬ್ಬಿಗೆ ಹಾಕುವ ತಿಂಡಿಯನ್ನು ಬೆಳಗ್ಗೆ ಒಲೆ ಮುಂದೆ ರುಚಿ ನೋಡಿ ಪ್ರಯೋಜನವಿಲ್ಲ. ಮಕ್ಕಳು ತಿನ್ನುವುದು ಮಧ್ಯಾಹ್ನ ಒಂದು ಗಂಟೆಗೆ, ಪೂರ್ತಿ ಆರಿದ ಮೇಲೆ ಅಲ್ವಾ? ಅದಕ್ಕೇ ಮೈಸೂರಿನ ನಮ್ಮ ಮನೆಯಲ್ಲಿ ಒಂದೊಂದು ತಿಂಡಿಯನ್ನೂ ಎರಡು ಡಬ್ಬಿಗೆ ಹಾಕಿದೆ. ಒಂದು ಮಕ್ಕಳ ಬ್ಯಾಗಿಗೆ ಹೋಯಿತು. ಇನ್ನೊಂದನ್ನು ಅದೇ ಹೊತ್ತಿಗೆ ತೆಗೆದು ನಾನು ತಿಂದೆ.

ಅಕ್ಕಿ ರೊಟ್ಟಿ ಕಾವಲಿಯಿಂದ ಇಳಿದಾಗ ಅದರ ಮುಂದೆ ಬೇರೆ ಯಾವುದೂ ಇಲ್ಲ. ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ತುರಿ ಎಷ್ಟು ಬೇಕಾದರೂ ಹಿಡಿಯುತ್ತದೆ. ಆದರೆ ಆರಿದ ಹಾಗೆ ಬಿರುಸಾಗುತ್ತದೆ. ಬಿಸಿನೀರಲ್ಲಿ ಕಲಸಿ, ಒಂದು ಹಿಡಿ ಅನ್ನ ಮಿದ್ದು ಸೇರಿಸಿದರೆ ನಡುಭಾಗ ಮೆತ್ತಗೆ ಉಳಿಯುತ್ತದೆ, ಅಂಚು ಉಳಿಯುವುದಿಲ್ಲ. ಮಗ ಅಂಚನ್ನೆಲ್ಲ ಹಾಗೇ ವಾಪಸ್ ತಂದ. ಇದು ಭಾನುವಾರದ ತಿಂಡಿ.

ಚಪಾತಿ ಇದಕ್ಕಿಂತ ವಾಸಿ. ಹಾಲು ಹಾಕಿ ಕಲಸಿ, ಒಳಗೆ ಪಲ್ಯ ಇಟ್ಟು ಸುತ್ತಿದರೆ ಒಂದೇ ಕೈಯಲ್ಲಿ ತಿನ್ನಬಹುದು. ಊಟದ ಬಿಡುವು ಚಿಕ್ಕದಿರುವ ಶಾಲೆಗಳಲ್ಲಿ ಇದು ದೊಡ್ಡ ಅನುಕೂಲ. ಪಲ್ಯ ಮಾತ್ರ ಒಣಗಿರಬೇಕು. ಮೊಳಕೆ ಹೆಸರುಕಾಳು, ಬೀನ್ಸ್ ಸರಿಹೋಗುತ್ತವೆ. ಸೋರೆಕಾಯಿ, ಟೊಮೆಟೊ ನೀರು ಬಿಟ್ಟು ಚಪಾತಿ ಹರಿಯುತ್ತದೆ.

ಚಿತ್ರಾನ್ನದ ಡಬ್ಬಿ ಯಾವತ್ತೂ ಖಾಲಿ ಬರುತ್ತದೆ. ಆದರೆ ಮಗಳು ಸಂಜೆ ಬಾಗಿಲಲ್ಲೇ "ಅಮ್ಮಾ, ಹಸಿವು" ಅನ್ನುವುದೂ ಅವತ್ತೇ. ಬರೀ ಅನ್ನ ಹೆಚ್ಚು ಹೊತ್ತು ತಡೆಯುವುದಿಲ್ಲ. ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಳು ಬೇಯಿಸಿ ಬೆರೆಸಿದರೆ ಅದೇ ಚಿತ್ರಾನ್ನ ಊಟವಾಗುತ್ತದೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಅದರ ವಿಟಮಿನ್ ಸಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ.

ನನ್ನ ಮತ ರಾಗಿ ದೋಸೆಗೆ. ನಮ್ಮ ಮೈಸೂರು, ಮಂಡ್ಯ ಕಡೆ ರಾಗಿ ಇಲ್ಲದ ಮನೆ ಕಡಿಮೆ, ಆದರೆ ಮುದ್ದೆಯನ್ನು ಡಬ್ಬಿಗೆ ಹಾಕಲಾಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಉದ್ದಿನಬೇಳೆ, ಸ್ವಲ್ಪ ಅಕ್ಕಿ, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿ, ರಾಗಿ ಹಿಟ್ಟು ಕಲಸಿ ರಾತ್ರಿ ಹುಳಿ ಬರಿಸಿ. ಗರಿಗರಿ ದೋಸೆ ಬೇಡ, ಮಧ್ಯಾಹ್ನಕ್ಕೆ ತೊಗಲಿನ ಹಾಗಾಗುತ್ತದೆ. ಅಂಗೈ ಅಗಲಕ್ಕೆ ದಪ್ಪಗೆ ಹುಯ್ದು, ಮುಚ್ಚಳ ಮುಚ್ಚಿ ಬೇಯಿಸಿ. ಬಟ್ಟೆ ಮೇಲೆ ಹರಡಿ ಆರಿಸಿ, ಆಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಹನಿ ದೋಸೆ ಮೇಲೆ ಬಿದ್ದು ಅಂಟಂಟಾಗುತ್ತದೆ. ಬೇಸಿಗೆಯಲ್ಲಿ ಕಾಯಿ ಚಟ್ನಿ ಕೆಡುತ್ತದೆ. ಬದಲಿಗೆ ಹುಚ್ಚೆಳ್ಳು ಚಟ್ನಿಪುಡಿಗೆ ತುಪ್ಪ ಕಲಸಿ ದೋಸೆಗೆ ಸವರಿ. ಒಂದು ಗಂಟೆಗೂ ಮೆತ್ತಗೇ ಇತ್ತು. ಇಬ್ಬರೂ ಚೂರೂ ಉಳಿಸದೆ ತಿಂದರು, ಸಂಜೆ ಹಸಿವಿನ ಗಲಾಟೆಯೂ ಇರಲಿಲ್ಲ.

ಹಣ್ಣಿನಲ್ಲಿ ನಂಜನಗೂಡು ರಸಬಾಳೆ ರುಚಿ ಜಾಸ್ತಿ, ಆದರೆ ಬ್ಯಾಗಿನಲ್ಲಿ ನಜ್ಜುಗುಜ್ಜಾಗುತ್ತದೆ. ಡಬ್ಬಿ ಜೊತೆಗೆ ಏಲಕ್ಕಿ ಬಾಳೆಯೇ ಸರಿ, ಚಿಕ್ಕ ಮಕ್ಕಳಿಗೆ ಒಂದು ಸಾಕು.