ಏಳು ವರ್ಷ ಉಟ್ಟ ಇಳಕಲ್ ಸೀರೆ: ಕೆಂಪು ಸೆರಗು ಬಿಟ್ಟ ಬಣ್ಣ

2018ರ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹೋದವರು ಹಾಗೇ ಇಳಕಲ್ಲಿಗೂ ಹೋಗಿ ಬಂದಿದ್ದೆವು. ಅಲ್ಲಿ ಒಂದು ಅಂಗಡಿಯಲ್ಲಿ ಕೈಮಗ್ಗದ ಸೀರೆ ತೆಗೆದುಕೊಂಡೆ. ತಿಳಿ ಹಳದಿ ಹತ್ತಿಯ ಒಡಲು, ಗೋಮಿ ಅನ್ನುವ ವಿನ್ಯಾಸದ ದಡಿ, ಕೆಂಪು ಸೆರಗು. 2,600 ರೂಪಾಯಿ. ಶಾಲೆಗೆ ಉಡಲು ಅಷ್ಟು ದುಡ್ಡಿನ ಸೀರೆಯನ್ನು ಅದುವರೆಗೆ ನಾನು ತಂದಿರಲಿಲ್ಲ. ಪಾಲಿಯೆಸ್ಟರ್ ಸೀರೆಗಳನ್ನು ಒಂದೊಂದಾಗಿ ಬಿಡಬೇಕು, ವರ್ಷಗಟ್ಟಲೆ ಬಾಳುವ ಹತ್ತಿ ಸೀರೆ ನಾಲ್ಕೈದು ಇದ್ದರೆ ಸಾಕು ಅಂತ ಮನಸ್ಸು ಮಾಡಿದ್ದೆ. ಅದರಲ್ಲಿ ಇದೇ ಮೊದಲನೆಯದು.

ಮೊದಲ ಸಲ ಒಗೆದಾಗಲೇ ಸೆರಗಿನ ಕೆಂಪು ಒಡಲಿಗೆ ಹತ್ತಿತು. ಎಲ್ಲ ಬಟ್ಟೆಯಂತೆ ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿದ್ದೆ. ತೆಗೆದು ನೋಡಿದರೆ ನೀರು ಕುಂಕುಮ ಕದಡಿದ ಹಾಗೆ. ನೆರಿಗೆ ಬರುವ ಜಾಗದಲ್ಲೇ ಎರಡು ಅಂಗೈಯಷ್ಟು ಕಲೆ. ಅಂಗಡಿಗೆ ಫೋನ್ ಮಾಡಿದೆ. "ಕೈಮಗ್ಗ ಅಂದಮ್ಯಾಲೆ ಬಣ್ಣ ಬಿಡೂದ ರೀ" ಅಂದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಮಗ್ಗಕ್ಕೂ ಬಣ್ಣ ಬಿಡುವುದಕ್ಕೂ ಸಂಬಂಧವೇ ಇಲ್ಲ. ನೂಲಿಗೆ ಬಣ್ಣ ಹಾಕಿದ ಮೇಲೆ ಎಳೆಗೆ ಅಂಟದ ಬಣ್ಣ ಒಂದಷ್ಟು ಉಳಿದಿರುತ್ತದೆ. ಅದನ್ನು ಬಿಸಿ ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ ತೆಗೆಯಬೇಕು. ಆ ಕೆಲಸ ಅರ್ಧಕ್ಕೇ ಬಿಟ್ಟರೆ ಉಳಿದ ಬಣ್ಣ ನಮ್ಮ ಬಕೆಟ್ಟಿಗೆ ಬರುತ್ತದೆ. ಅಲ್ಲಿಂದ ಗಟಾರಕ್ಕೆ.

ಆರು ತಿಂಗಳು ಆ ಸೀರೆ ಕಪಾಟಿನ ತಳದಲ್ಲಿತ್ತು. ಅದನ್ನು ಹೊರಗೆ ತೆಗೆದವರು ನಮ್ಮ ಅತ್ತೆ. ಅವರು ಮದುವೆಯಾದಾಗಿನಿಂದ ಇಳಕಲ್ಲೇ ಉಟ್ಟವರು. ಕಲೆ ನೋಡಿದರು, ಸೆರಗು ತಿರುವಿ ನೋಡಿದರು. "ನೇಯ್ಗಿ ಚೊಲೋ ಐತವಾ. ಬಣ್ಣ ಹಾಕಿದವರದೂ ತಪ್ಪೈತಿ, ನೀ ನೆನಿ ಇಟ್ಟಿದ್ದೂ ತಪ್ಪೈತಿ. ಉಡು, ನಾ ಒಗಿಯೂದು ತೋರಿಸ್ತೀನಿ" ಅಂದರು.

ಅವರು ತೋರಿಸಿದ ರೀತಿಯಲ್ಲೇ ಇವತ್ತಿಗೂ ಒಗೆಯುತ್ತೇನೆ. ಅಂಟುವಾಳಕಾಯಿ ಏಳೆಂಟು ಒಡೆದು ರಾತ್ರಿಯೇ ನೀರಿಗೆ ಹಾಕುತ್ತೇನೆ. ಬೆಳಿಗ್ಗೆ ಕಿವುಚಿ, ಸೋಸಿ, ತಣ್ಣೀರು ಬೆರೆಸುತ್ತೇನೆ. ಒಡಲನ್ನು ಮಾತ್ರ ಬಕೆಟ್ಟಿಗೆ ಇಳಿಸಿ, ಸೆರಗನ್ನು ಪಕ್ಕದ ಸ್ಟೂಲಿನ ಮೇಲೆ ಒಣಗಿದ್ದಂತೆಯೇ ಇಡುತ್ತೇನೆ. ಒಡಲು ಮುಗಿದು ಹಿಂಡಿದ ಮೇಲೆ ಸೆರಗಿನ ಸರದಿ. ಅದನ್ನು ಬೇರೆ ಬಕೆಟ್ಟಿನಲ್ಲಿ ಎರಡೇ ನಿಮಿಷ ಅದ್ದಿ ತೆಗೆದುಬಿಡಬೇಕು, ನೆನೆಯಲು ಬಿಡಬಾರದು. ಒಣಹಾಕುವಾಗ ಇನ್ನೊಂದು ಎಚ್ಚರ: ಒದ್ದೆ ಸೆರಗು ಒಡಲಿನ ಮೇಲೆ ಮಡಚಿ ಬೀಳಬಾರದು. ಅದಕ್ಕೇ ಹಿತ್ತಲಿನಲ್ಲಿ ನೆರಳು ಇರುವ ಕಡೆ ಎರಡು ಹಗ್ಗ ಕಟ್ಟಿಸಿದ್ದೇನೆ. ಎರಡು ಮೂರು ಸಲ ಉಟ್ಟ ಮೇಲೆ ಒಮ್ಮೆ ಹೀಗೆ ಒಗೆದರೆ ಸಾಕು. ಉಟ್ಟ ದಿನ ಸಂಜೆ ಗಾಳಿಗೆ ಹರವಿ, ಮರುದಿನ ಮಡಚಿಡುತ್ತೇನೆ. ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇನೆ, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಎಳೆ ಸೋಲುತ್ತದೆ.

ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಮಾಡಿ ನೋಡಿದೆ. ಆ ಒಂದು ಒಗೆತದಲ್ಲಿ ಸ್ವಲ್ಪ ಕಡಿಮೆ ಬಿಟ್ಟಿತು ಅಷ್ಟೇ, ಮುಂದಿನ ಸಲ ಮತ್ತೆ ಅದೇ ಕೆಂಪು ನೀರು. ಪೂರ್ತಿ ನಿಲ್ಲಲು ಎರಡು ವರ್ಷ ಬೇಕಾಯಿತು.

ಅಷ್ಟರಲ್ಲಿ ಸೀರೆಯ ಮೇಲಿನ ಸಿಟ್ಟು ಹೋಗಿತ್ತು, ಉಡುವ ಸುಖ ಅಂಥದ್ದು. ಹೊಸದರಲ್ಲಿ ಗಂಜಿಗೆ ಗರಿಗರಿ ನಿಂತು, ನೆರಿಗೆ ಹಿಡಿಯುವುದೇ ಕಷ್ಟ ಇತ್ತು. ಹತ್ತಾರು ಒಗೆತ ಆದ ಮೇಲೆ ಹತ್ತಿ ಮೆತ್ತಗಾಗಿ ಮೈಗೆ ಒಗ್ಗಿತು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಇಲ್ಲದ ತರಗತಿಯಲ್ಲಿ ನಿಂತು ಪಾಠ ಮಾಡುವವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ. ನಡುವೆ ನನಗೆ ಎರಡನೇ ಮಗು ಆಯಿತು, ತೂಕ ಹನ್ನೆರಡು ಕಿಲೋ ಏರಿ ಆಮೇಲೆ ಅರ್ಧ ಇಳಿಯಿತು. ಚೂಡಿದಾರ್‌ಗಳೆಲ್ಲ ಕೈಬಿಟ್ಟವು, ಈ ಸೀರೆಗೆ ಯಾವ ಫರಕೂ ಆಗಲಿಲ್ಲ. ಜೊತೆಗೆ ಹೊಲಿಸಿದ್ದ ಗುಳೇದಗುಡ್ಡ ಖಣದ ಕುಬಸ (ರವಿಕೆ) ಮಾತ್ರ ಕಂಕುಳಲ್ಲಿ ಹರಿದು ಹೋಯಿತು.

ನನಗೆ ದೊಡ್ಡ ಹೆದರಿಕೆ ಇದ್ದದ್ದು ಸೆರಗಿನ ಸೇರಿಕೆಯ ಬಗ್ಗೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಮಗ್ಗದ ಮೇಲೆಯೇ ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ತೋಪು ತೆನಿ ಅನ್ನುತ್ತಾರೆ. ಹೀಗೆ ಕೂಡಿಸಬೇಕಾದ್ದರಿಂದ ಒಂದು ಸೀರೆಗೆ ಬೇಕಾದಷ್ಟು ಉದ್ದದ ಹಾಸನ್ನು ಮಾತ್ರ ಹೂಡುತ್ತಾರೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಇಷ್ಟು ಕುಣಿಕೆ ಇರುವ ಜಾಗ ಮೊದಲು ಬಿಡಬಹುದು ಅಂದುಕೊಂಡಿದ್ದೆ. ಇನ್ನೂರು ಸಲಕ್ಕೆ ಕಡಿಮೆ ಇಲ್ಲದಷ್ಟು ಉಟ್ಟಿದ್ದೇನೆ, ಒಂದು ಎಳೆಯೂ ಜಾರಿಲ್ಲ. ಪಾಠ ಮಾಡುತ್ತಾ ಸುಮ್ನೆ ಆ ಸಾಲಿನ ಮೇಲೆ ಬೆರಳಾಡಿಸುವುದು ನನಗೆ ರೂಢಿಯಾಗಿದೆ. ಸಣ್ಣ ಉಬ್ಬು ಕೈಗೆ ಸಿಗುತ್ತದೆ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಯಾರೋ ಇಷ್ಟು ಎಳೆ ಕೂಡಿಸಿದ್ದಾರಲ್ಲ ಅಂತ ಪ್ರತಿ ಸಲ ಅನಿಸುತ್ತದೆ.

ಸವೆದದ್ದು ಎರಡು ಕಡೆ. ಕೆಳಗಿನ ದಡಿ ನೆಲಕ್ಕೆ ತಿಕ್ಕಿ ಫಾಲ್ ಮೂರು ಸಲ ಬದಲಿಸಿದೆ. ಭುಜದ ಮೇಲೆ ಪಿನ್ನು ಚುಚ್ಚುವ ಜಾಗದಲ್ಲಿ ತೂತು ದೊಡ್ಡದಾಗುತ್ತಾ ಬಂತು, ಈಗ ಪಿನ್ನೇ ಬಿಟ್ಟಿದ್ದೇನೆ. ಲೆಕ್ಕ ಹಾಕಿದರೆ ಒಂದು ಸಲ ಉಟ್ಟದ್ದಕ್ಕೆ 13 ರೂಪಾಯಿ ಬೀಳುತ್ತದೆ. 600 ರೂಪಾಯಿಯ ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ ನಿಜ. ಆದರೆ ಬೇಸಿಗೆಯಲ್ಲಿ ನಾನು ಅದನ್ನು ಉಡುವುದಿಲ್ಲ, ಬಿಸಾಡಿದರೆ ಮಣ್ಣಿನಲ್ಲಿ ಕರಗುವುದೂ ಇಲ್ಲ. ಇದು ಸವೆದ ದಿನ ಕೌದಿಗೆ ಹೋಗುತ್ತದೆ. ಅತ್ತೆಯ ಮೂರು ಹಳೇ ಸೀರೆ ಸೇರಿ ಆದ ಕೌದಿಯಲ್ಲೇ ನನ್ನ ಮಗ ಮಲಗುವುದು.

ಹಾಗಾಗಿ ಬೇರೆಯವರಿಗೆ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಬಟ್ಟೆ ಒಗೆಯುವ ಮಶೀನಿಗೇ ಎಲ್ಲ ಹಾಕುವ ಮನೆಯಾದರೆ ಮಾತ್ರ ಬೇಡ. ಇನ್ನೊಂದು ಮಾತು. ಪರಿಸರಕ್ಕೆ ಒಳ್ಳೆಯದು ಅಂತ ಹೇಳಿ ಮಾರುವವರು ಬಣ್ಣದ ವಿಷಯ ಬಂದಾಗ ಸುಮ್ಮನಾಗುತ್ತಾರೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಕೈಯಲ್ಲಿ ನೇಯ್ದದ್ದು ಅಂತ ನಂಬಬಹುದು, ಬಣ್ಣ ನಿಲ್ಲುತ್ತದೆ ಅಂತ ಅದರ ಅರ್ಥ ಅಲ್ಲ. 2015ರಲ್ಲಿ ಶುರುವಾದ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಗುರುತಿಗೆ ಬಣ್ಣದ ಪರೀಕ್ಷೆಯೂ ಸೇರಿದೆ. ಸಿಕ್ಕರೆ ಅದನ್ನು ನೋಡಿ.

ಸಿಗದಿದ್ದರೆ ಬಿಳಿ ಕರವಸ್ತ್ರ ಸಾಕು. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಎರಡನೇ ಇಳಕಲ್ ತೆಗೆದುಕೊಳ್ಳಲು ಹೋದಾಗ ಕರವಸ್ತ್ರದ ತುದಿ ಒದ್ದೆ ಮಾಡಿಕೊಂಡೆ. ಅಂಗಡಿಯವರನ್ನು ಕೇಳಿಯೇ ಸೆರಗಿನ ಒಳಮಗ್ಗುಲಿಗೆ ಒತ್ತಿ ತಿಕ್ಕಿದೆ. ಮೊದಲಿನ ಎರಡು ಸೀರೆ ಗುಲಾಬಿ ಬಣ್ಣ ಹತ್ತಿಸಿದವು. ಮೂರನೆಯದು ನವಿಲು ಹಸಿರು ಒಡಲಿನದು, ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. 3,400 ರೂಪಾಯಿ ಕೊಟ್ಟು ತಂದೆ. ಹಳದಿಯದನ್ನು ಈಗಲೂ ಶುಕ್ರವಾರ ಉಡುತ್ತೇನೆ, ಕಲೆ ಇರುವ ಕಡೆಯನ್ನು ನೆರಿಗೆಯ ಒಳಗೆ ಹಿಡಿದು.